ಡಬ್ಬಿಗೆ ಸುರಿದ ಉಡಿ

ದಿವಾ ಪೂರ್ವ
15 ಸೆಪ್ಟೆಂಬರ್ 2024, ಭಾನುವಾರ

ಜಯಲತಾ ಟೀಚರ್ ಅವರಿಗೆ,

ನಾನು ಮಲ್ಲಿಕಾ. ಡೊಂಬಿವಲಿಯ ಕನ್ನಡ ಶಾಲೆಯಲ್ಲಿ ಐದನೆಯ ಇಯತ್ತೆಯಿಂದ ಏಳರವರೆಗೆ ನಿಮ್ಮ ಕೈಕೆಳಗೆ ಕಲಿತವಳು. ಕಿಟಕಿ ಪಕ್ಕದ ಎರಡನೆಯ ಬೆಂಚು, ನಿಮ್ಮ ಮಗಳು ಸೌಜನ್ಯಳ ಜೊತೆ. ನೆನಪಿಲ್ಲ ಎನ್ನಬೇಡಿ. ನೆನಪಿಲ್ಲದಿದ್ದರೆ ನನ್ನ ಬಗ್ಗೆ ನೂರ ಮೂವತ್ತೆರಡು ಪುಟ ಬರೆಯಲು ಆಗುತ್ತಿರಲಿಲ್ಲ.

ಹುಡುಕಿದ್ದರೆ ನಿಮ್ಮ ಫೋನ್ ನಂಬರ್ ಸಿಗುತ್ತಿತ್ತು. ವಾಟ್ಸಾಪ್‌ನಲ್ಲಿ ಕಳಿಸಿದರೆ ನೀವು ಎರಡು ಕೈ ಜೋಡಿಸಿದ ಚಿತ್ರ ಹಾಕಿ ಮುಗಿಸಿಬಿಡುತ್ತೀರಿ. ಅದಕ್ಕೇ ಅಂಚೆ. ನಿಮ್ಮ ಕಾದಂಬರಿ ‘ಹಳಿ ದಾಟಿದ ಹುಡುಗಿ’ಯ ಕೊನೆಯ ಪುಟದಲ್ಲಿ, ಓದಿದ ಮಕ್ಕಳು ಅನಿಸಿಕೆ ಬರೆದು ಕಳಿಸಬೇಕು ಎಂದು ಮನೆಯ ವಿಳಾಸ ಕೊಟ್ಟಿದ್ದೀರಿ. ನಾನೀಗ ಮಗುವಲ್ಲ. ಇಪ್ಪತ್ತು ತುಂಬಿದೆ, ರಬಾಳೆಯಲ್ಲಿ ಔಷಧಿ ಕಂಪನಿಯೊಂದರ ಪ್ಯಾಕಿಂಗ್ ಖಾತೆಯಲ್ಲಿ ಬಾಟಲಿಗಳಿಗೆ ಲೇಬಲ್ ಹಚ್ಚುತ್ತೇನೆ. ಆದರೂ ಅನಿಸಿಕೆ ಇದೆ.

ನನ್ನ ತಂಗಿ ಕಾಂಚನಾ ಈಗ ಅದೇ ಶಾಲೆಯಲ್ಲಿ ಆರನೆಯ ಇಯತ್ತೆ. ನೀವು ನಮ್ಮ ಮನೆಗೆ ಬಂದಾಗ ಎರಡು ವರ್ಷದವಳಿದ್ದಳು, ನಿಮ್ಮ ಚಪ್ಪಲಿ ಹಾಕಿಕೊಂಡು ಓಡಾಡಿದ್ದಳು. ಆಗಸ್ಟ್ ಹದಿನೈದಕ್ಕೆ ಪ್ರಬಂಧದಲ್ಲಿ ಎರಡನೆಯ ಬಹುಮಾನ ಎಂದು ಅವಳಿಗೆ ನಿಮ್ಮ ಪುಸ್ತಕ ಕೊಟ್ಟರು. ದಿನಾ ಸಂಜೆ ಒಂದೊಂದು ಅಧ್ಯಾಯ ಗಟ್ಟಿಯಾಗಿ ಓದತೊಡಗಿದಳು. ಅವ್ವ ರೊಟ್ಟಿ ಬಡಿಯುತ್ತ ಕೇಳುತ್ತಿದ್ದಳು. ಅಪ್ಪ ಗೋಡೆಗೆ ಆತುಕೊಂಡು ಚಹಾ ಕುಡಿಯುತ್ತ ಕೇಳುತ್ತಿದ್ದ. ಮೊದಲು ಎಲ್ಲರಿಗೂ ಖುಷಿ. ನಮ್ಮ ದಿವಾದ ರೈಲ್ವೆ ಫಾಟಕ, ಟ್ಯಾಂಕರ್ ನೀರಿನ ಸಾಲು, ಕಲಬುರಗಿ ಕಡೆಯಿಂದ ಮುಂಬಯಿಗೆ ಬಂದ ತುಂಗಿ ಎಂಬ ಹುಡುಗಿ, ಗೋದಾಮಿನಲ್ಲಿ ಲೋಡಿಂಗ್ ಮಾಡುವ ಅವಳಪ್ಪ. ಇದು ನಮ್ಮದೇ ಕಥೆ ಎಂದು ಮೂರನೆಯ ಅಧ್ಯಾಯಕ್ಕೇ ಗೊತ್ತಾಯಿತು. ಅವ್ವ ಪಕ್ಕದ ಖೋಲಿಯ ಗುರಮ್ಮ ಕಾಕುವನ್ನೂ ಕರೆದು ಕೂರಿಸಿಕೊಂಡಳು.

ಏಳನೆಯ ಅಧ್ಯಾಯದಲ್ಲಿ ನೀವು ನನ್ನ ಅಪ್ಪನನ್ನು ಸಾಯಿಸಿದಿರಿ. ಮೂಟೆ ಬೆನ್ನ ಮೇಲೆ ಬಿದ್ದದ್ದು ನಿಜ, ಮೂರು ತಿಂಗಳು ಮಲಗಿದ್ದೂ ನಿಜ. ಆದರೆ ಚಂದ್ರಾಮ ಎಂಬ ಮನುಷ್ಯ ಬದುಕಿದ್ದಾನೆ, ಅಂಬರನಾಥದ ಒಂದು ಕಾರ್ಖಾನೆಯಲ್ಲಿ ವಾಚ್‌ಮನ್ ಕೆಲಸ ಮಾಡುತ್ತಾನೆ. ಚಹಾದ ಕಪ್ಪನ್ನು ಕೈಯಲ್ಲಿ ಹಿಡಿದುಕೊಂಡೇ ತನ್ನ ಹೆಣ ಹೊರುವುದನ್ನು ಪೂರ್ತಿ ಕೇಳಿ, “ಮಂದಿ ಭಾಳ ಬಂದಿದ್ದರೇನು?” ಅಂದ. ನಾವು ನಕ್ಕೆವು. ಅದನ್ನು ನಾನು ಕ್ಷಮಿಸುತ್ತೇನೆ.

ಹನ್ನೊಂದನೆಯ ಅಧ್ಯಾಯಕ್ಕೆ ಬಂದಾಗ ನಗು ನಿಂತಿತು. ತುಂಗಿಯ ತಾಯಿ ಟೀಚರಿಗೆ ಐದು ಹಿಡಿ ಜೋಳ ಕೊಡುತ್ತಾಳೆ. ಆಕೆ ನೀರಿಗೆ ಹೋದಾಗ ಟೀಚರು ‘ಈ ಬಡವರ ತುತ್ತು ನನಗೇಕೆ’ ಎಂದು ಕಣ್ಣೀರು ಒರೆಸಿಕೊಂಡು ಆ ಜೋಳವನ್ನು ಸದ್ದಿಲ್ಲದೆ ಅವರ ಡಬ್ಬಿಗೇ ಸುರಿದು ಹೋಗುತ್ತಾರೆ. ಕಾಂಚನಾ ಇಷ್ಟು ಓದುವಷ್ಟರಲ್ಲಿ ಅವ್ವ ಹಂಚಿನ ಮೇಲಿದ್ದ ರೊಟ್ಟಿ ಅಲ್ಲೇ ಬಿಟ್ಟು ಎದ್ದುಹೋದಳು. ರೊಟ್ಟಿ ಕರಕಾಯಿತು. ಆವತ್ತಿನಿಂದ ಆ ಪುಸ್ತಕ ಮನೆಯಲ್ಲಿ ತೆರೆಯಬಾರದು ಎಂದಿದ್ದಾಳೆ. ಯಾಕೆ ಎಂದರೆ ಹೇಳುವುದಿಲ್ಲ.

ನನಗೆ ಒಂದೇ ಮಾತಿಗೆ ಉತ್ತರ ಬೇಕು. ಅದು ನಿಜವಾಗಿ ನಡೆದದ್ದೋ, ಅಥವಾ ಅಪ್ಪನ ಸಾವಿನ ಹಾಗೆ ನೀವು ಕಟ್ಟಿದ್ದೋ?

ನಿಮ್ಮ ವಿದ್ಯಾರ್ಥಿನಿ,
ಮಲ್ಲಿಕಾ ಚಂದ್ರಾಮ


ಡೊಂಬಿವಲಿ ಪೂರ್ವ
26 ಸೆಪ್ಟೆಂಬರ್ 2024

ಪ್ರೀತಿಯ ಮಲ್ಲಿಕಾ,

ನಿನ್ನ ಪತ್ರ ಕಂಡು ಎಷ್ಟು ಸಂತೋಷವಾಯಿತು ಗೊತ್ತಾ! ಈ ಕಾಲದಲ್ಲಿ ಕೈಯಲ್ಲಿ ಪತ್ರ ಬರೆಯುವವರು ಯಾರಿದ್ದಾರೆ? ಸಿಟ್ಟಿನಲ್ಲಿ ಬರೆದರೂ ನಿನ್ನ ಭಾಷೆ ಎಷ್ಟು ಚಂದ ಉಂಟು ಎಂದು ನಮ್ಮವರಿಗೆ ಓದಿ ಹೇಳಿದೆ. ನನ್ನ ಮೂವತ್ತೊಂದು ವರ್ಷದ ಮಾಸ್ತರಿಕೆ ದಂಡವಾಗಲಿಲ್ಲ.

ಅಪ್ಪ ಕ್ಷೇಮವಾಗಿದ್ದಾರೆ ಎಂದು ತಿಳಿದು ಮನಸ್ಸು ಹಗುರಾಯಿತು. ನೀನು ಏಳನೆಯದು ಮುಗಿಸಿ ಹೋದ ಮೇಲೆ ಯಾವ ಸುದ್ದಿಯೂ ಇರಲಿಲ್ಲ ನೋಡು. ಕಥೆಯಲ್ಲಿ ತಂದೆ ತೀರಿಕೊಳ್ಳದೆ ಇದ್ದರೆ ತುಂಗಿಯ ಕಷ್ಟ ಓದುವ ಮಕ್ಕಳ ಮನಸ್ಸಿಗೆ ತಾಗುವುದಿಲ್ಲ. ಅವರಲ್ಲಿ ನನ್ನ ಪರವಾಗಿ ಕ್ಷಮೆ ಕೇಳು.

ಹನ್ನೊಂದನೆಯ ಅಧ್ಯಾಯ ನಡೆದದ್ದೇ. ಅದರಲ್ಲಿ ಒಂದಕ್ಷರ ಕಟ್ಟುಕತೆ ಇಲ್ಲ. ಅಪ್ಪ ಮಲಗಿದ್ದಾಗ ನೀನು ಹತ್ತು ದಿನ ಶಾಲೆಗೆ ಬರಲಿಲ್ಲ ಎಂದು ನಾನು ಸೌಜನ್ಯಳನ್ನು ಕರೆದುಕೊಂಡು ನಿಮ್ಮ ಮನೆ ಹುಡುಕಿಕೊಂಡು ಬಂದಿದ್ದೆ. ನಿನ್ನ ಅಮ್ಮ ಚಹಾ ಕೊಟ್ಟರು. ಹೊರಡುವಾಗ ನನ್ನ ದುಪಟ್ಟಾದಲ್ಲಿ ಜೋಳ ಹಾಕಿದರು. ಅಷ್ಟರಲ್ಲಿ ಹೊರಗೆ ನೀರು ಬಂತು ಎಂದು ಕೂಗಿದರು, ನೀವಿಬ್ಬರೂ ಕೊಡ ಹಿಡಿದು ಓಡಿದಿರಿ. ಬಾಗಿಲ ಹತ್ತಿರ ಜೋಳದ ಡಬ್ಬಿ ಇತ್ತು. ತಳದಲ್ಲಿ ನಾಲ್ಕು ಬೆರಳು ಜೋಳ ಇತ್ತೋ ಇಲ್ಲವೋ. ಮನೆಗೇ ಸಾಲದು ಅನಿಸಿತು. ಸುರಿದುಬಿಟ್ಟೆ. ನಿಮಗೆ ನಾಚಿಕೆಯಾಗಬಾರದು ಎಂದು ಇಷ್ಟು ವರ್ಷ ಯಾರಿಗೂ ಹೇಳಲಿಲ್ಲ. ನಿವೃತ್ತಿಯಾಗಿ ಬರೆಯಲು ಕೂತಾಗ ಇಡೀ ಕಾದಂಬರಿ ಅದೊಂದು ಗಳಿಗೆಯಿಂದ ಹುಟ್ಟಿತು. ಓದಿದವರೆಲ್ಲ ಆ ಅಧ್ಯಾಯಕ್ಕೆ ಅತ್ತಿದ್ದಾರೆ.

ಅಮ್ಮನಿಗೆ ಹಳೆಯ ಕಷ್ಟ ನೆನಪಾಗಿ ಸಂಕಟವಾಗಿರಬೇಕು, ಪಾಪ. ಈ ಡಿಸೆಂಬರ್‌ನಲ್ಲಿ ಶಾಲೆಯ ವಾರ್ಷಿಕೋತ್ಸವಕ್ಕೆ ಆ ಅಧ್ಯಾಯವನ್ನೇ ನಾಟಕ ಮಾಡಿಸುತ್ತಿದ್ದಾರೆ. ಎಲ್ಲರೂ ಬನ್ನಿ. ಜನವರಿಯಲ್ಲಿ ಎರಡನೆಯ ಮುದ್ರಣ ಬರುವುದುಂಟು. ನಿನಗೊಂದು ಪ್ರತಿ ಸಹಿ ಹಾಕಿ ಕೊಡುತ್ತೇನೆ.

ಸೌಜನ್ಯ ಈಗ ಪುಣೆಯಲ್ಲಿದ್ದಾಳೆ. ನಿನ್ನನ್ನು ಯಾವಾಗಲೂ ನೆನೆಯುತ್ತಾಳೆ.

ಆಶೀರ್ವಾದಗಳೊಂದಿಗೆ,
ಜಯಲತಾ ಟೀಚರ್


ದಿವಾ ಪೂರ್ವ
6 ಅಕ್ಟೋಬರ್ 2024, ಭಾನುವಾರ

ಟೀಚರ್,

ನಿಮ್ಮ ಪತ್ರವನ್ನು ಅವ್ವನಿಗೆ ಓದಿ ಹೇಳಿದೆ. ಓದಬಾರದಿತ್ತು, ಓದಿದೆ. ಅವಳು ಎದ್ದು ಮಂಚದ ಕೆಳಗಿನ ಟ್ರಂಕು ಎಳೆದಳು. ತಳದಿಂದ ಒಂದು ರವಿಕೆಯ ಖಣ ತೆಗೆದು ನನ್ನ ತೊಡೆಯ ಮೇಲೆ ಒಗೆದಳು. ಇಳಕಲ್ಲಿನ ಖಣ, ಹಸಿರು, ಕೆಂಪು ಅಂಚು. ಅವಳ ತವರಿನವರು ಕೊಟ್ಟದ್ದು. ಒಂಬತ್ತು ವರ್ಷದಿಂದ ಅದೇ ಮಡಿಕೆಯಲ್ಲಿದೆ.

ಟೀಚರ್, ಅದು ಜೋಳವಲ್ಲ. ಅದು ಉಡಿ. ನಮ್ಮ ಕಡೆ ಮನೆಮಗಳು ಬಂದು ಹೊರಟಾಗ ಉಡಿ ತುಂಬುತ್ತಾರೆ, ಬರಿ ಸೆರಗಿನಿಂದ ಕಳಿಸುವುದಿಲ್ಲ. ಕಾಳು, ಅರಿಶಿನ ಬೇರು, ಖಣ. ಕೊಬ್ಬರಿ ಬಟ್ಟಲು ಇರಬೇಕು, ಆವತ್ತು ಇರಲಿಲ್ಲ. ಯಾಕೆ ಇರಲಿಲ್ಲ ಎಂದು ನಿಮಗೇ ಗೊತ್ತು, ಡಬ್ಬಿಯ ತಳ ನೋಡಿದ್ದೀರಲ್ಲ. ಖಣವನ್ನು ಮಡಿಸಿ ಮೊದಲು ಇಟ್ಟು ಅದರ ಮೇಲೆ ಜೋಳ ಹಾಕಿದ್ದಳಂತೆ. ನೀವು ನೋಡದೆ ಎಲ್ಲವನ್ನೂ ಒಟ್ಟಿಗೆ ಮಗುಚಿದಿರಿ. ಮರುದಿನ ಬೀಸಲು ಹಾಕಲೆಂದು ಡಬ್ಬಿಗೆ ಕೈ ಹಾಕಿದಾಗ ಅವಳ ಕೈಗೆ ಅವಳ ಖಣವೇ ಬಂತು.

ಆಗ ಅವಳು ಏನೆಂದುಕೊಂಡಳು ಎಂದು ನಿಮಗೆ ಹೇಳಬೇಕೇ? ಹೇಳುತ್ತೇನೆ, ನೀವು ಅಳುವುದಿದ್ದರೆ ಇದಕ್ಕೆ ಅಳಿ. “ಚಾ ಕುಡದ್ರು, ನಮ್ಮವರ ಅಂದ್ಕೊಂಡೆ. ಹಿಂದಿಂದ ನಮ್ಮ ಕೈ ಕಾಳು ತಮ್ಮ ಮನೀಗಿ ನಡಿಯೂದಿಲ್ಲಂತ ಸುರುವಿ ಹೋಗ್ಯಾರ ಅಂತ ತಿಳ್ಕೊಂಡೆ.” ಇದನ್ನು ಅಪ್ಪನಿಗೂ ಹೇಳಿರಲಿಲ್ಲ. ನನಗೂ ಹೇಳಲಿಲ್ಲ, ಯಾಕೆಂದರೆ ನಾನು ನಿಮ್ಮ ಶಾಲೆಗೆ ಹೋಗಬೇಕಾಗಿತ್ತು. ಎರಡು ವರ್ಷ ನನಗೆ ಜಡೆ ಹಾಕಿ, ಡಬ್ಬಿ ಕಟ್ಟಿ, “ಸಾಲ್ಯಾಗ ಅಕ್ಕೋರು ಹೇಳ್ದಂಗ ಕೇಳು” ಎಂದು ಕಳಿಸಿದಳು.

ಹಾಗಲ್ಲ ಅವ್ವ, ನಾವು ಬಡವರೆಂದು ಮರುಗಿ ಸುರಿದರಂತೆ ಎಂದು ನಾನು ಬಿಡಿಸಿ ಹೇಳಿದೆ. ಸಮಾಧಾನ ಆಗುತ್ತದೆ ಎಂದುಕೊಂಡಿದ್ದೆ. ಅವಳು ನನ್ನನ್ನೇ ದಿಟ್ಟಿಸಿ, “ಅದಕ್ಕಿಂತ ಇದು ಛಲೋನ?” ಎಂದು ಕೇಳಿದಳು. ಇದಕ್ಕೆ ಉತ್ತರ ನಿಮಗೆ ಹೊಳೆದರೆ ಬರೆಯಿರಿ.

ನಿಮ್ಮ ಕಾದಂಬರಿಯಲ್ಲಿ ತುಂಗಿಗೆ ಮುಂಬಯಿಯಲ್ಲಿ ತನ್ನವರು ಎಂಬುವರಿಲ್ಲ, ಕೊನೆಗೆ ಟೀಚರ ಮನೆಯಲ್ಲಿ ಅವಳಿಗೆ ನೆಲೆ ಸಿಗುತ್ತದೆ. ಆವತ್ತು ನಮ್ಮ ಮನೆಯಲ್ಲಿ ನಡೆದದ್ದು ತಲೆಕೆಳಗು. ನನ್ನ ಅವ್ವ ನಿಮ್ಮನ್ನು ಮನೆಮಗಳು ಮಾಡಿಕೊಂಡಿದ್ದಳು. ನೀವೇ ಒಲ್ಲೆ ಎಂದಿರಿ. ಅದೂ ಬಾಯಿಬಿಟ್ಟು ಹೇಳದೆ, ಅವಳು ನೀರಿನ ಸಾಲಿನಲ್ಲಿ ನಿಂತಿದ್ದಾಗ.

ನನಗೆ ಬೇಕಾದದ್ದು ಒಂದು. ಎರಡನೆಯ ಮುದ್ರಣಕ್ಕೆ ಮೊದಲು ಆ ಅಧ್ಯಾಯ ಸರಿಯಾಗಬೇಕು. ಸಹಿ ಹಾಕಿದ ಪ್ರತಿ ಬೇಡ. ಇನ್ನೊಂದು ಮಾತು: ಆ ನಾಟಕದಲ್ಲಿ ತುಂಗಿಯ ಪಾತ್ರಕ್ಕೆ ಕಾಂಚನಾಳನ್ನು ಆರಿಸಿದ್ದಾರೆ. ಅವಳ ಮಾತು ಪಾತ್ರಕ್ಕೆ ಹೇಳಿ ಮಾಡಿಸಿದಂತಿದೆಯಂತೆ.

ಮಲ್ಲಿಕಾ


ಡೊಂಬಿವಲಿ ಪೂರ್ವ
4 ನವೆಂಬರ್ 2024

ಮಲ್ಲಿಕಾ,

ದೀಪಾವಳಿಯ ಗಡಿಬಿಡಿಯಲ್ಲಿ ಉತ್ತರ ತಡವಾಯಿತು. ನಿಜ ಹೇಳುವುದಾದರೆ ತಡ ಮಾಡಿದೆ. ನಿನ್ನ ಪತ್ರ ಓದಿ ನನಗೆ ಬಹಳ ನೋವಾಯಿತು.

ಉಡಿ ಗೊತ್ತಿಲ್ಲದವಳು ಎಂಬ ಹಾಗೆ ಬರೆದಿದ್ದಿ. ನಮ್ಮ ಉಡುಪಿ ಕಡೆಯೂ ಮದುವೆಗೆ, ಸೀಮಂತಕ್ಕೆ ಮಡಿಲು ತುಂಬುವ ಕ್ರಮ ಉಂಟು. ನಾನೇನು ಆವತ್ತು ಬಸುರಿಯೇ, ಮದುಮಗಳೇ? ಕಾಯಿ ಇಲ್ಲ, ಮಣೆ ಇಲ್ಲ, ಒಂದು ಮಾತಿಲ್ಲ. ಶಾಲೆ ಬಿಟ್ಟು ಸಲ್ವಾರ್‌ನಲ್ಲಿ ಬಂದವಳ ದುಪಟ್ಟಾಕ್ಕೆ ಜೋಳ ಹಾಕಿದರೆ ನಾನು ಏನೆಂದು ತಿಳಿಯಲಿ? ನಿನ್ನ ಅಮ್ಮ ಒಂದು ಮಾತು ಹೇಳಬಹುದಿತ್ತು. ಜಾತಿಯ ಮಾತು ಎತ್ತಿದ್ದಂತೂ ತೀರಾ ಅನ್ಯಾಯ. ನಿನ್ನನ್ನು ನನ್ನ ಮಗಳ ಪಕ್ಕ ಕೂರಿಸಿದವಳು ನಾನು. ನೀವಿಬ್ಬರೂ ಒಂದೇ ಡಬ್ಬಿಯಲ್ಲಿ ತಿಂದಿದ್ದೀರಿ.

ಕಾದಂಬರಿ ಎಂದ ಮೇಲೆ ಅದು ತುಂಗಿಯದು, ನಿನ್ನದಲ್ಲ. ಒಬ್ಬೊಬ್ಬರು ಬಂದು ಇದು ಹೀಗಲ್ಲ, ಅದು ಹಾಗಲ್ಲ ಎಂದರೆ ಯಾರೂ ಏನೂ ಬರೆಯಲಿಕ್ಕಿಲ್ಲ. ಆದರೂ ನೀನು ಹೇಳಿದ್ದೀ ಎಂದು ಪ್ರಕಾಶಕರ ಹತ್ತಿರ ಮಾತಾಡಿ ನೋಡುತ್ತೇನೆ. ಅವರು ಪುಟ ಎಲ್ಲ ಕಟ್ಟಿ ಆಗಿದೆ ಎನ್ನುತ್ತಿದ್ದರು. ಮಾತು ಕೊಡಲಾರೆ.

ಒಳ್ಳೆಯದು ಮಾಡಲು ಹೋಗಿ ಬೈಸಿಕೊಂಡ ಹಾಗಾಯಿತು.

ಜಯಲತಾ


ದಿವಾ ಪೂರ್ವ
1 ಡಿಸೆಂಬರ್ 2024, ಭಾನುವಾರ

ಟೀಚರ್,

ಇವತ್ತು ಹಳಿ ರಿಪೇರಿಯ ಮೆಗಾಬ್ಲಾಕ್, ಗಾಡಿಗಳಿಲ್ಲ, ಮನೆಯಲ್ಲೇ ಇದ್ದೇನೆ. ಇಲ್ಲದಿದ್ದರೆ ಈ ಪತ್ರವನ್ನು ಬರೆಯುತ್ತಿರಲಿಲ್ಲ.

ಗುರುವಾರದ ತಾಲೀಮಿನಲ್ಲಿ ನೀವು ಮುಂದಿನ ಕುರ್ಚಿಯಲ್ಲೇ ಕೂತಿದ್ದಿರಂತೆ. ನಡೆದದ್ದನ್ನು ನಾನು ಹೇಳಬೇಕಾಗಿಲ್ಲ. ಕಾಂಚನಾ ಬಂದು ಹೇಳಿದ್ದು ಸರಿಯೋ ತಪ್ಪೋ ಎಂದು ನೋಡಲಿಕ್ಕಾದರೂ ಓದಿ. ಟೀಚರ್ ಪಾತ್ರದ ಹುಡುಗಿ, ನೀವು ದುಪಟ್ಟಾ ಎನ್ನುವ ಓಢಣಿಯ ಜೋಳ ಸುರಿಯಲು ಡಬ್ಬಿಯ ಹತ್ತಿರ ಬಂದಾಗ ತುಂಗಿ ಅಲ್ಲಿ ಇರಲೇಬಾರದು. ನೀರಿಗೆ ಹೋಗಿರಬೇಕು. ನನ್ನ ತಂಗಿ ಹೋಗಲಿಲ್ಲ. ಓಡಿ ಬಂದು ಡಬ್ಬಿಯ ಮುಚ್ಚಳದ ಮೇಲೆ ಕೂತಳು. ಏಳು ಎಂದರು, ಏಳಲಿಲ್ಲ. ಮತ್ತೆ ಮೊದಲಿನಿಂದ ಆಡಿಸಿದರು, ಮತ್ತೆ ಬಂದು ಕೂತಳು. ಮೂರು ಸಲ ಹೀಗಾದ ಮೇಲೆ ಅವಳ ರಟ್ಟೆ ಹಿಡಿದು ಎಬ್ಬಿಸಿ, ಪಾತ್ರವನ್ನು ಇನ್ನೊಬ್ಬಳಿಗೆ ಕೊಟ್ಟರು. ಆ ಹುಡುಗಿಗೆ ನಮ್ಮ ಮಾತು ಬರುವುದಿಲ್ಲ, ಈಗ ಕಲಿಸುತ್ತಿದ್ದಾರಂತೆ.

ನೀವು ನೋಡುತ್ತಿದ್ದಿರಿ. ಅವಳು ಯಾರು ಎಂದು ನಾನು ಬರೆದು ತಿಳಿಸಿದ್ದೆ. ಒಂದು ಮಾತು ಆಡಲಿಲ್ಲ.

ಕಾಂಚನಾ ಅಳಲಿಲ್ಲ. ಮನೆಗೆ ಬಂದು, ಪಾತ್ರ ಹೋದರೆ ಹೋಯಿತು, ಸುರಿಯಲಿಕ್ಕಂತೂ ಬಿಡಲಿಲ್ಲ ಎಂದಳು. ಅವ್ವ ಅವಳಿಗೆ ಬೈದಳು, ಅಕ್ಕೋರ ಮುಂದೆ ಹಾಗೆಲ್ಲ ಹಟ ಮಾಡಬಾರದು ಎಂದು. ನನ್ನ ಮೈ ಉರಿದುಹೋಯಿತು. ಇನ್ನೂ ಎಷ್ಟು ದಿನ ಇವಳು ನಿಮ್ಮ ಪರ ವಹಿಸುತ್ತಾಳೋ!

ನಿಮ್ಮ ಪತ್ರಕ್ಕೆ ಉತ್ತರ. ಅವ್ವ ಒಂದು ಮಾತು ಹೇಳಬಹುದಿತ್ತು ಎಂದಿದ್ದೀರಿ. ಡೊಂಬಿವಲಿಯಲ್ಲಿ ಮೂವತ್ತು ವರ್ಷದಿಂದ ಇದ್ದೀರಿ. ನಿಮ್ಮ ಬಿಲ್ಡಿಂಗಿನ ಮರಾಠಿ ಹೆಂಗಸರು ಓಟಿ ತುಂಬುವಾಗ ಇದು ಓಟಿ ಎಂದು ಪ್ರತಿ ಸಲ ಹೇಳಿ ತುಂಬುತ್ತಾರೆಯೇ?

ಇನ್ನೊಂದು. ಕಾದಂಬರಿಯಲ್ಲಿ ಆ ಹನ್ನೊಂದನೆಯ ಅಧ್ಯಾಯವಾದ ಮೇಲೆ ತುಂಗಿಯೂ ಟೀಚರ ಮಗಳೂ ಜೀವದ ಗೆಳತಿಯರಾಗುತ್ತಾರೆ. ನಿಜದಲ್ಲಿ ನೀವು ಬಂದುಹೋದ ವಾರವೇ ಸೌಜನ್ಯ ಬೆಂಚು ಬದಲಿಸಿದಳು. ಕಣ್ಣು ನೋಯುತ್ತಿದೆ, ಮುಂದೆ ಕೂರಬೇಕು ಎಂದಳು. ಮುಂದಿನ ವರ್ಷ ಇಂಗ್ಲಿಷ್ ಶಾಲೆಗೆ ಹೋದಳು. ನಮ್ಮ ಮನೆ ನೋಡಿ ಅವಳಿಗೆ ಹೇಸಿಗೆಯಾಗಿರಬೇಕು ಎಂದು ನಾನು ಎಷ್ಟೋ ದಿನ ನಮ್ಮ ಖೋಲಿಯನ್ನು ಅವಳ ಕಣ್ಣಿನಿಂದ ನೋಡುತ್ತಿದ್ದೆ. ಹೋದ ವರ್ಷ ಠಾಣೆ ರೈಲ್ವೆ ಸ್ಟೇಷನ್ನಿನಲ್ಲಿ ಎದುರಿನ ಪ್ಲಾಟ್‌ಫಾರ್ಮಿನಲ್ಲಿ ಅವಳನ್ನು ಕಂಡೆ. ಅವಳೂ ಕಂಡಳು. ಗಾಡಿ ಅಡ್ಡ ಬಂತು. ಗಾಡಿ ಹೋದ ಮೇಲೆ ಅವಳಿರಲಿಲ್ಲ. ಯಾವಾಗಲೂ ನೆನೆಯುತ್ತಾಳೆ ಎಂದೆಲ್ಲ ಬರೆಯಬೇಡಿ ಟೀಚರ್. ಮಕ್ಕಳ ಕಾದಂಬರಿಯಲ್ಲಿ ನಡೆಯುತ್ತದೆ, ಪತ್ರದಲ್ಲಿ ನಡೆಯುವುದಿಲ್ಲ.

ನಾನಿನ್ನು ಬರೆಯುವುದಿಲ್ಲ. ದಣಿದಿದ್ದೇನೆ. ದಿನಾ ಬೆಳಿಗ್ಗೆ ದಿವಾದಲ್ಲಿ ಗಾಡಿ ಹತ್ತುವಾಗ ಡೊಂಬಿವಲಿಯಿಂದ ಬಂದವರು ಬಾಗಿಲಲ್ಲಿ ಅಡ್ಡ ನಿಂತಿರುತ್ತಾರೆ, ಸರಿಯುವುದಿಲ್ಲ. ಜಾಗ ಇಲ್ಲದ್ದಕ್ಕಲ್ಲ, ಒಳಗೆ ಇರುತ್ತದೆ. ಅವರ ಜೊತೆ ಜಗಳಾಡುವುದರಲ್ಲೇ ನನ್ನ ಸಾಕಷ್ಟು ಶಕ್ತಿ ಹೋಗುತ್ತದೆ.

ಮಲ್ಲಿಕಾ


ಡೊಂಬಿವಲಿ ಪೂರ್ವ
29 ಜನವರಿ 2025

ಮಲ್ಲಿಕಾ,

ನೀನು ಬರೆಯುವುದಿಲ್ಲ ಎಂದೆ. ಓದುವುದಿಲ್ಲ ಎನ್ನಲಿಲ್ಲ, ಆ ಧೈರ್ಯದಿಂದ ಬರೆಯುತ್ತಿದ್ದೇನೆ.

ವಾರ್ಷಿಕೋತ್ಸವಕ್ಕೆ ಹೋಗಿದ್ದೆ. ನಾಟಕ ಮುಗಿದಾಗ ಚಪ್ಪಾಳೆ ಜೋರಾಗಿ ಬಂತು, ನನಗೆ ಶಾಲು ಹೊದಿಸಿದರು. ಮನೆಗೆ ಬಂದು ಊಟ ಸೇರಲಿಲ್ಲ. ಡಬ್ಬಿಯ ಮೇಲೆ ಕೂತ ನಿನ್ನ ತಂಗಿಯ ಮುಖವೇ ಕಣ್ಣಮುಂದೆ. ತಾಲೀಮಿನ ದಿನ ನನಗೆ ಅವಳ ಮೇಲೆ ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಚೋಟುದ್ದ ಹುಡುಗಿ ನನ್ನ ಅಧ್ಯಾಯ ಹಾಳು ಮಾಡುತ್ತಾಳಲ್ಲ ಎಂದು ಸಿಟ್ಟು.

ಎರಡು ವಾರದ ಹಿಂದೆ ಎದುರು ಮನೆಯ ಮರಾಠಿ ವಹಿನಿ ಹಳದಿ-ಕುಂಕುಮಕ್ಕೆ ಕರೆದರು. ಪ್ರತಿ ಸಂಕ್ರಾಂತಿಗೂ ಕರೆಯುತ್ತಾರೆ. ಕುಂಕುಮ ಹಚ್ಚಿ, ಎಳ್ಳುಂಡೆ ಕೊಟ್ಟು, ಓಟಿ ತುಂಬಲು ತಟ್ಟೆ ತಂದರು. ನಾನು ಸೆರಗು ಒಡ್ಡಿದೆ. ಅಕ್ಕಿ ಬಿತ್ತು, ಕಾಯಿ, ರವಿಕೆ ಕಣ. ನಿನ್ನ ಪ್ರಶ್ನೆ ಅಲ್ಲಿ ಎದುರು ಬಂದು ನಿಂತಿತು. ಮೂವತ್ತು ವರ್ಷ ಅವರ ಮನೆಯ ಅಕ್ಕಿ ಕಟ್ಟಿಕೊಂಡು ಬಂದಿದ್ದೇನೆ. ಅವರ ಅಕ್ಕಿ ಡಬ್ಬಿ ಅಡುಗೆಮನೆಯಲ್ಲಿ ಎಲ್ಲಿದೆ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ನಿಮ್ಮ ಮನೆಯಲ್ಲಿ ಅರ್ಧ ಗಂಟೆ ಕೂತಿದ್ದೆ, ಡಬ್ಬಿಯಲ್ಲಿ ಎಷ್ಟು ಬೆರಳು ಜೋಳ ಇದೆ ಎಂದು ನೋಡಿದ್ದೆ. ಕೊಡುತ್ತಿದ್ದ ಕೈ ನೋಡಲಿಲ್ಲ. ವಹಿನಿಯ ತಟ್ಟೆಯಲ್ಲಿ ಕಾಯಿ ಇತ್ತು, ಅದಕ್ಕೆ ಅದು ಓಟಿ. ನಿನ್ನ ಅಮ್ಮನ ಹತ್ತಿರ ಕಾಯಿ ಇರಲಿಲ್ಲ, ಅದಕ್ಕೆ ಅದು ಬಡತನ. ನನ್ನ ತಿಳಿವಳಿಕೆ ಇಷ್ಟೇ ಆಯಿತಲ್ಲ ಮಾರಾಯ್ತಿ.

ಅದಕ್ಕಿಂತ ಇದು ಒಳ್ಳೆಯದೇ ಎಂದು ನಿನ್ನ ಅಮ್ಮ ಕೇಳಿದರಲ್ಲ. ಒಳ್ಳೆಯದಲ್ಲ ಎಂದು ಈಗ ಗೊತ್ತಾಗಿದೆ.

ಅವತ್ತೇ ಪುಣೆಗೆ ಫೋನ್ ಮಾಡಿ, ಆಗ ಬೆಂಚು ಯಾಕೆ ಬದಲಿಸಿದೆ ಎಂದು ಕೇಳಿದೆ. ಸೌಜನ್ಯ ಹೇಳಿದಳು: “ನೀನು ಸುರಿದದ್ದು ನಾನು ನೋಡಿದ್ದೆ ಅಮ್ಮ. ಅವಳಿಗೆ ಹೇಳ್ಬೇಡ ಅಂತ ಗಾಡಿಯಲ್ಲಿ ಹೇಳಿದ್ದು ನೀನೇ. ಹೇಳದೆ ಅವಳ ಹತ್ರ ಕೂತ್ಕೊಳ್ಳಿಕ್ಕೆ ನಂಗೆ ಆಗ್ಲಿಲ್ಲ.” ಅವಳಿಗೆ ಆಗ ಹನ್ನೊಂದು ವರ್ಷ. ನಿಮ್ಮ ಮನೆ ನೋಡಿ ಅಲ್ಲ ಮಲ್ಲಿಕಾ, ತನ್ನ ಅಮ್ಮನನ್ನು ನೋಡಿ ಬೆಂಚು ಬದಲಿಸಿದ್ದು. ಇದನ್ನು ನಿನಗೆ ತಿಳಿಸಬೇಕೆಂದೇ ಇಷ್ಟು ಬರೆದೆ. ನಿನ್ನ ವಿಳಾಸ ಕೇಳಿದಳು. ಕೊಡಬಹುದಾ ಎಂದು ನೀನೇ ಹೇಳಬೇಕು.

ಮರುದಿನ ಪ್ರಕಾಶಕರಿಗೆ ಫೋನ್ ಮಾಡಿದರೆ ಎರಡನೆಯ ಮುದ್ರಣ ಬೈಂಡಾಗಿ ಬಂದಿದೆ ಎಂದರು. ಐನೂರು ಪ್ರತಿ. ನವೆಂಬರ್‌ನಲ್ಲೇ ಗಟ್ಟಿಯಾಗಿ ಹೇಳಿದ್ದರೆ ಆಗುತ್ತಿತ್ತಂತೆ. ನಾನು ಮೆಲ್ಲಗೆ ಹೇಳಿದ್ದೆ, ಹೇಳಿದ್ದೇನೆ ಎಂದು ನನಗೆ ನಾನೇ ಹೇಳಿಕೊಳ್ಳುವಷ್ಟು. ಈಗ ಎಲ್ಲ ಕಟ್ಟುಗಳನ್ನೂ ಮನೆಗೆ ತರಿಸಿಕೊಂಡಿದ್ದೇನೆ. ಅಧ್ಯಾಯದ ಕೊನೆಯ ಪುಟವನ್ನು ಹೊಸದಾಗಿ ಬರೆದು ಬೇರೆ ಅಚ್ಚು ಮಾಡಿಸಿ, ಹಳೆಯ ಪುಟದ ಮೇಲೆ ಒಂದೊಂದಾಗಿ ಅಂಟಿಸುತ್ತಿದ್ದೇನೆ. ಟೀಚರು ಜೋಳ ತೆಗೆದುಕೊಂಡಳು ಎಂದು ಬದಲಿಸಲಿಲ್ಲ, ಹೆದರಬೇಡ. ಸುರಿಯುತ್ತಾಳೆ. ಆದರೆ ಅಧ್ಯಾಯ ಈಗ ಅವಳ ಕಣ್ಣೀರಿಗೆ ಮುಗಿಯುವುದಿಲ್ಲ. ಮರುದಿನ ತುಂಗಿಯ ತಾಯಿ ಡಬ್ಬಿಗೆ ಕೈ ಹಾಕುತ್ತಾಳೆ, ಖಣ ಸಿಗುತ್ತದೆ. ಅಲ್ಲಿಗೆ ನಿಲ್ಲಿಸಿದ್ದೇನೆ. ಒಂದು ಪ್ರತಿ ಇದರ ಜೊತೆ ಕಳಿಸಿದ್ದೇನೆ. ತಂದೆಯನ್ನು ಬದುಕಿಸಲು ಒಂದು ಪುಟ ಸಾಲದು, ಮೂರನೆಯ ಮುದ್ರಣದವರೆಗೆ ಕಾಯಬೇಕೆಂದು ಅವರಿಗೆ ಹೇಳು.

ನಿನ್ನ ಅಮ್ಮನ ಮುಂದೆ ಬಂದು ನಿಲ್ಲುವ ಮುಖ ನನಗಿಲ್ಲ. ಅವರು ಬಾ ಎಂದರೆ ಬರುತ್ತೇನೆ. ಬೇಡ ಎಂದರೂ ಸರಿಯೇ.

ತಪ್ಪಿತಸ್ಥೆ,
ಜಯಲತಾ


ದಿವಾ ಪೂರ್ವ
9 ಫೆಬ್ರವರಿ 2025, ಭಾನುವಾರ

ಟೀಚರ್ ಅವರಿಗೆ,

ಪುಸ್ತಕ ಮುಟ್ಟಿದೆ. ಮೊದಲು ನನ್ನ ಕೆಲಸದ ಮಾತು. ನೀವು ಗೋಂದು ಅತಿಯಾಗಿ ಹಾಕಿದ್ದೀರಿ. ಪುಟ ಸುಕ್ಕಾಗಿದೆ, ಮುಂದಿನ ಪುಟಕ್ಕೂ ಹತ್ತಿಕೊಂಡಿದೆ, ಬಿಡಿಸುವಾಗ ಎರಡು ಸಾಲು ಕಿತ್ತುಬಂತು. ಅಂಚಿಗೆ ಮಾತ್ರ ತೆಳ್ಳಗೆ ಹಚ್ಚಿ, ಒಣ ಬಟ್ಟೆಯಿಂದ ನಡುವಿನಿಂದ ಹೊರಕ್ಕೆ ಒರೆಸಬೇಕು. ನಾನು ಒಂದು ಪಾಳಿಯಲ್ಲಿ ಎರಡು ಸಾವಿರ ಬಾಟಲಿಗೆ ಹಚ್ಚುತ್ತೇನೆ, ಒಂದೂ ಸುಕ್ಕಾಗುವುದಿಲ್ಲ. ಎಷ್ಟು ಪ್ರತಿ ಉಳಿದಿವೆಯೋ ಅವನ್ನು ಹೀಗೆ ಮಾಡಿ. ನಾನು ಬಂದು ಮಾಡಿಕೊಡುತ್ತೇನೆ ಎಂದು ಬರೆಯುವಷ್ಟು ನನ್ನ ಸಿಟ್ಟು ಇಳಿದಿಲ್ಲ.

ಕಾಂಚನಾ ಹೊಸ ಪುಟ ಓದಿದಳು. ಕಿತ್ತುಹೋದ ಎರಡು ಸಾಲನ್ನು ತಾನೇ ಊಹಿಸಿ ಓದಿದಳು, ಅದೇನೂ ಕಷ್ಟವಾಗಲಿಲ್ಲ. ಗುರಮ್ಮ ಕಾಕು ಸೆರಗಿನಿಂದ ಮೂಗು ಒರೆಸಿಕೊಂಡಳು. ಮೂರನೆಯ ಮುದ್ರಣದಲ್ಲಿ ತಾನು ಏಳುತ್ತೇನೆಂದು ಅಪ್ಪ ಕಾರ್ಖಾನೆಯ ಗೇಟಿನಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಾನೆ.

ಸೌಜನ್ಯಳಿಗೆ ವಿಳಾಸ ಕೊಡಿ. ಅವಳಿಗೆ ಏನು ಬರೆಯಬೇಕೆಂದು ನನಗೆ ಗೊತ್ತಿಲ್ಲ. ಅವಳೇ ಮೊದಲು ಬರೆಯಲಿ. ಒಂಬತ್ತು ವರ್ಷ ನಾನು ನಮ್ಮ ಮನೆಯ ಗೋಡೆಗಳಿಗೆ ಬೈದುಕೊಂಡಿದ್ದೇನೆ, ಅದನ್ನು ಇಷ್ಟು ಬೇಗ ಮರೆ ಎಂದರೆ ಆಗುವುದಿಲ್ಲ.

ಇನ್ನು ಅವ್ವ. ಪುಟ ಓದಿ ಮುಗಿದ ಮೇಲೆ ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಮರುದಿನ ಟ್ರಂಕಿನಿಂದ ಆ ಖಣ ತೆಗೆದು ಬಿಸಿಲಿಗೆ ಹಾಕಿದಳು. ಮಡಿಕೆಯ ಗೆರೆ ಹೋಗುತ್ತಿಲ್ಲ. ಇಷ್ಟು ವರ್ಷ ಯಾಕೆ ನೀನೇ ಹೊಲಿಸಿಕೊಳ್ಳಲಿಲ್ಲ ಎಂದು ಕೇಳಿದೆ. “ಇನ್ನೊಬ್ಬಾಕಿ ಉಡ್ಯಾಗ ಹಾಕಿದ್ದು ನನ್ನದು ಹ್ಯಾಂಗ ಆಗತದ?” ಅಂದಳು. ಇಷ್ಟು ವರ್ಷ ಅದನ್ನು ನಿಮ್ಮದೆಂದೇ ಕಾದಿದ್ದಾಳೆ. ನಮ್ಮ ಕೈಯ ಕಾಳು ನಿಮಗೆ ನಡೆಯುವುದಿಲ್ಲ ಎಂದು ತಿಳಿದುಕೊಂಡಿದ್ದಾಗಲೂ.

ಆಮೇಲೆ ನನ್ನನ್ನು ಕೂರಿಸಿ ಬರೆ ಎಂದಳು. ನಾನು ಬರೆಯುವುದಿಲ್ಲ ಎಂದೆ. ಇಷ್ಟು ಬೇಗ ಕರೆಯಬೇಡ, ಅವರೂ ಸ್ವಲ್ಪ ದಿನ ಸಂಕಟಪಡಲಿ, ಈ ಮೂರು ಪತ್ರಕ್ಕೆ ನಾನು ಎಷ್ಟು ಒದ್ದಾಡಿದ್ದೇನೆ ಎಂದು ಜಗಳ ತೆಗೆದೆ. ನನ್ನ ಕೈಯಿಂದ ಪೆನ್ನು ಕಸಿದುಕೊಂಡು ಕಾಂಚನಾಳ ಕೈಗೆ ಕೊಡಲು ಹೋದಳು. ಕೊನೆಗೆ ನಾನೇ ಬರೆಯುತ್ತಿದ್ದೇನೆ. ಇದರಲ್ಲಿ ನನ್ನ ಮಾತು ಒಂದೂ ಇಲ್ಲ. ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆದಿದ್ದೇನೆ:

“ಅಕ್ಕೋರ, ಬರ್ರಿ. ಐತವಾರ ಬರ್ರಿ, ನೀರು ಬರೂ ಮೊದಲ ಬರ್ರಿ. ಈ ಸರ್ತಿ ಕೊಬ್ರಿಬಟ್ಟಲ ತರಿಸೇನಿ. ಮತ್ತ ಸೀರಿ ಉಟ್ಕೊಂಡ ಬರ್ರಿ. ಓಢಣ್ಯಾಗ ಕಾಳು ನಿಂದ್ರೂದಿಲ್ಲ.”

ಅವ್ವ ಮರಗಮ್ಮಳ ಪರವಾಗಿ,
ಮಲ್ಲಿಕಾ